ಹೂವಿಲ್ಲದ ಉಡಿಕೆ

ಹೂವಿನವರ ಮನೆಯಲ್ಲಿ ಹಬ್ಬದ ದಿನ ಅಡುಗೆ ಆಗುವುದಿಲ್ಲ. ಊರೆಲ್ಲ ಹೋಳಿಗೆ ಬೇಯಿಸುವ ಹೊತ್ತಿಗೆ ಬೂದೆಮ್ಮನ ಮನೆಯಲ್ಲಿ ತಂಗಳು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಊರಿನ ಹಬ್ಬ ನಡೆಯಬೇಕಾದರೆ ಹೂವಿನವರ ಹಬ್ಬ ಕೆಡಲೇಬೇಕು ಎಂಬುದನ್ನು ಬೂದೆಮ್ಮ ಎಂದೋ ಒಪ್ಪಿಕೊಂಡಿದ್ದಳು.

ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಓಣಿಯಲ್ಲಿ ಅವರದು ಎರಡು ಖೋಲಿಯ ಮನೆ. ಒಂದರಲ್ಲಿ ಹೂವು, ಇನ್ನೊಂದರಲ್ಲಿ ಮನುಷ್ಯರು. ಗಾಳಿ ಬರುವ ಖೋಲಿ ಹೂವಿಗೆ. ಗಂಡ ಕನಕರಾಯ ದೇವದುರ್ಗದ ಕಡೆಯ ಅರಕೇರಾದವನು. ಕುರಿ ಮಾರಿ ಪಟ್ಟಣ ಸೇರಿದವನು ಮಾರ್ಕೆಟ್ಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತ, ಕೂತವನು ಏಳಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಜಾತಿಯ ಮನುಷ್ಯ. ಕುರಿಗಳ ಜೊತೆ ಬೆಳೆದವನಿಗೆ ಮಾತು ಬೇಕಾಗಿರಲಿಲ್ಲ. ಹೆಂಡತಿಗೆ ಬೇಕಾದೀತು ಎಂಬುದು ಅವನಿಗೆ ಹೊಳೆದೂ ಇರಲಿಲ್ಲ. ಮಗ ಗದ್ದೆಪ್ಪ ಮಾತಿನಲ್ಲಿ ಅಪ್ಪನ ಅಚ್ಚು. ಮದುವೆಯಾದ ಮರುವರ್ಷವೇ ದೇವದುರ್ಗದ ಕೂಲಿಯವರ ಗುಂಪಿನೊಂದಿಗೆ ಮುಂಬಯಿಗೆ ಕಟ್ಟಡದ ಕೆಲಸಕ್ಕೆ ಹೋದ. ಹೋಗಿ ಮೂರು ವರ್ಷವಾಗಿತ್ತು.

ಮನೆಯಲ್ಲಿ ಉಳಿದವಳು ಸೊಸೆ ಬಾಲಮ್ಮ, ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನ ಹುಡುಗಿ. ಅವಳ ಬೆರಳೂ ಚುರುಕು, ನಾಲಿಗೆಯೂ ಚುರುಕು. ಬಾಳೆನಾರು ನೀರಲ್ಲಿ ನೆನೆಹಾಕಿ ಅತ್ತೆ ಸೊಸೆ ಎದುರುಬದುರು ಕೂತರೆಂದರೆ ಓಣಿಯ ಸುದ್ದಿ, ಸಿನೆಮಾದ ಸುದ್ದಿ, ಹುಚ್ಚುನಾಯಿಯ ಸುದ್ದಿ, ಯಾವುದೂ ಉಳಿಯುತ್ತಿರಲಿಲ್ಲ. ಜಗಳವೂ ಆಗುತ್ತಿತ್ತು. ಜಗಳವಾದರೇನು, ಅದೂ ಮಾತೇ. ಇಪ್ಪತ್ತು ವರ್ಷ ಗೋಡೆ ನೋಡಿಕೊಂಡು ಹೂವು ಕಟ್ಟಿದ ಬೂದೆಮ್ಮನಿಗೆ ಈ ಹುಡುಗಿ ಬಂದ ಮೇಲೆ ಮನೆ ಮನೆಯಾಗಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ ಹೋಳಿ ಹುಣ್ಣಿಮೆಗೆ ಕನಕರಾಯ ಅಣ್ಣನ ಮಗಳ ಮದುವೆಯೆಂದು ಅರಕೇರಾಕ್ಕೆ ಹೋಗಿ ಬಂದ. ಬಾಲಮ್ಮ ನಳದ ನೀರಿಗೆ ಹೋಗಿದ್ದಳು. ಬೂದೆಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

"ಗದ್ದೆಪ್ಪ ಬಂದಾನ ಅಂತ ಮಂದಿ ಅಂದ್ರು. ಕಂಡ್ನೇನು?"

"ಕಂಡ."

"ಹೆಂಗದಾನ?"

"ದಪ್ಪ ಆಗ್ಯಾನ."

"ಇಲ್ಲಿತನ ಬಂದಾವ ಮನಿಗಿ ಬರಾಕ ಏನಾಗಿತ್ತು?"

ಕನಕರಾಯ ಪಲ್ಯ ಸವರಿದ ರೊಟ್ಟಿಯ ತುಂಡನ್ನು ಬಾಯಿಗೆ ಒಯ್ಯದೆ ಹಿಡಿದುಕೊಂಡೇ ಇದ್ದ. "ಜೋಡಿ ಒಬ್ಬಾಕಿ ಅದಾಳ. ಸೊಲ್ಲಾಪುರ ಕಡ್ಯಾಕಿ. ಕೂಸೂ ಅದ."

ಬೂದೆಮ್ಮ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು. ಆಮೇಲೆ ಕೇಳಿದ್ದು ಒಂದೇ: "ಎತ್ತಿಕೊಂಡ್ರೇನು ಕೂಸಿನ್ನ?"

"ಎತ್ತಿಕೊಂಡೆ."

"ಬಾಲಮ್ಮಗ ಹೇಳಬ್ಯಾಡ್ರಿ."

"ಇಂಥದ್ದು ಮುಚ್ಚಿಡಾಕ ಆಗ್ತದೇನು?"

"ಆಗೂತನ ಇಡೂನು. ಅಕಿ ಎದ್ದು ಹೋದ್ರ ನಾ ಯಾರ ಮುಂದ ಕುಂದರ್ಲಿ? ನಿಮ್ಮ ಮುಂದೇನು?"

ಕನಕರಾಯ ಕೈ ತೊಳೆದುಕೊಂಡು ಎದ್ದ. ಬಾಲಮ್ಮ ಕೊಡ ಹೊತ್ತು ಒಳಗೆ ಬಂದಳು. ನಳದ ಹತ್ತಿರ ಯಾರೋ ಬಣ್ಣ ಎರಚಿ ಅವಳ ಬೆನ್ನೆಲ್ಲ ಕೆಂಪಾಗಿತ್ತು. ಬೂದೆಮ್ಮ ಆ ದಿನ ಸೊಸೆಗೆ ತುಪ್ಪ ಹಾಕಿ ಬಡಿಸಿದಳು. ತುಪ್ಪ ಯಾಕೆಂದು ಸೊಸೆ ಕೇಳಲಿಲ್ಲ.

ಯುಗಾದಿಗೆ ಮುಂಚೆ ಊರಿನ ತೋಟದಲ್ಲಿ ಹೂವಿನ ಪ್ರದರ್ಶನ ಇಟ್ಟರು. ಬಾಲಮ್ಮ ಗಂಟುಬಿದ್ದು ಅತ್ತೆಯನ್ನು ಎಳೆದುಕೊಂಡು ಹೋದಳು. ಕುಂಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಸುತ್ತ ಹಗ್ಗ ಕಟ್ಟಿ, ಹೂವಿಗೊಂದು ಹೆಸರಿನ ಚೀಟಿ ಚುಚ್ಚಿದ್ದರು.

"ಇಷ್ಟು ಹೂವು ಬಿಟ್ಟಾವ, ಒಬ್ಬರೂ ಹರಕೊಂಡಿಲ್ಲಲ್ಲಬೇ!"

"ನೋಡಾಕ ಇಟ್ಟಾರ ಅತ್ತಿ."

"ಹೂವು ನೋಡಾಕ ಟಿಕೇಟು ಕೊಟ್ಟು ಬಂದೇವೇನು? ಮನ್ಯಾಗ ಕಾಲಿಡಾಕ ಜಾಗ ಇಲ್ಲದಂಗ ಬಿದ್ದಾವ!"

ಅಂಗೈ ಅಗಲದ ಒಂದು ಕೆಂಪು ಹೂವಿನ ತೊಟ್ಟು ನಾರಿನ ಗಂಟು ತಡೆದೀತೋ ಇಲ್ಲವೋ ನೋಡೋಣವೆಂದು ಬೂದೆಮ್ಮ ಹಗ್ಗದೊಳಗೆ ಕೈ ಹಾಕಿದಳು. ಕಾವಲಿನ ಸೈಫುದ್ದೀನ್ ಬೆತ್ತ ಎತ್ತಿಕೊಂಡು ಓಡಿಬಂದ. "ಏ ಅಮ್ಮಾ, ಹಾತ್ ನಕ್ಕೋ ಲಗಾವ್!"

"ಹಚ್ಚಿದ್ರ ಏನಾಗ್ತದೋ? ಮೂಗಿಗಿ ಹಿಡದ್ರ ವಾಸನಿ ಇಲ್ಲ, ಇದಕ್ಕ ಮತ್ತ ಪೋಲೀಸು!"

ಹಿಂದೆ ಯಾರೋ ಗಟ್ಟಿಯಾಗಿ ನಕ್ಕರು. ಮಾನ್ವಿ ಕಡೆಯಿಂದ ಬೆಳಗಿನ ಬಸ್ಸಿಗೆ ಮಲ್ಲಿಗೆ ಮೊಗ್ಗು ತಂದು ಇವರಿಗೆ ಹಾಕುವ ಯಮನೂರಪ್ಪ. ಸ್ವಂತ ಬಾವಿ, ಸಣ್ಣ ಹೂದೋಟ; ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. "ಅವ್ವಾ, ಮಂದಿಗಿ ಹೂವು ತೋರಿಸಿ ರೊಕ್ಕ ತಗೋತಾರಂದ್ರ ನಾಳಿಂದ ನಾನೂ ಬುಟ್ಟಿಗಿ ಹಗ್ಗ ಕಟ್ಟತೀನಿ," ಎಂದ. ಬಾಲಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗು ಬೂದೆಮ್ಮನಿಗೆ ಪರಿಚಯದ್ದು. ಇಷ್ಟು ದಿನ ಅದು ತನ್ನೊಬ್ಬಳ ಎದುರಿಗೇ ಬರುವಂಥದ್ದು ಎಂದುಕೊಂಡಿದ್ದಳು. ದಾರಿಯಲ್ಲಿ ತಿನ್ನಲು ಮಂಡಾಳು ಒಗ್ಗರಣೆ, ಮಿರ್ಚಿ ಕೊಡಿಸುತ್ತೇನೆಂದು ಅವನು ಕರೆದರೂ ಬೂದೆಮ್ಮ ಹೊಟ್ಟೆನೋವೆಂದು ಸುಳ್ಳು ಹೇಳಿ ಸೊಸೆಯನ್ನು ಮನೆಗೆ ಕರೆತಂದಳು.

ಯುಗಾದಿಯ ದಿನ ಬೆಳಗಿನಿಂದ ಮಾವಿನೆಲೆ, ಬೇವಿನ ಹೂವು, ಮಾಲೆ ಎಂದು ಬಾಗಿಲಿಗೆ ಬಂದವರೇ ಬಂದವರು. ಇಳಿಹೊತ್ತಿಗೆ ಬುಟ್ಟಿಗಳು ಬರಿದಾದವು. ಬೂದೆಮ್ಮ ಎತ್ತಿಟ್ಟಿದ್ದ ಒಂದು ಮೊಳ ಮಲ್ಲಿಗೆಯನ್ನು ಸೊಸೆಯ ಕಡೆ ನೀಡಿದಳು.

"ಮುಡಕೋ."

"ಬ್ಯಾಡ."

"ವರ್ಷದ ಮೊದಲ ದಿನ ಬರೇ ತಲಿಲೆ ಕುಂದರಬಾರದು. ಮುಡಕೋಬೇ."

"ಯಾರ ಹೆಸರಿಲೆ ಮುಡಕೊಳ್ಲಿ ಅತ್ತಿ?"

"ಇನ್ಯಾರ ಹೆಸರಿಲೆ? ನನ್ನ ಮಗನ ಹೆಸರಿಲೆ."

"ನಿನ್ನ ಮಗನ ಕೂಸಿಗಿ ಹಲ್ಲು ಬಂದಾವಂತ."

ಬೂದೆಮ್ಮನ ಕೈ ಹೂವಿನ ಸಮೇತ ತೊಡೆಯ ಮೇಲೆ ಬಿತ್ತು. "ಯಾರು ಹೇಳಿದ್ರು?"

"ಮಾರ್ಕೆಟ್ಟಿನ್ಯಾಗ ಎಲಿ ಮಾರೋ ಗುಡುಸಾಬಗೂ ಗೊತ್ತದ. ನನಗ ಸಂಕ್ರಾಂತಿಗೇ ಗೊತ್ತಾತು. ನಿನಗ?"

"ಹೋಳಿ ಹುಣ್ಣಿವಿಗಿ." ಬೂದೆಮ್ಮನ ದನಿ ಇಳಿದಿತ್ತು. "ಸಂಕ್ರಾಂತಿಯಿಂದ ಯಾಕ ಸುಮ್ನ ಕುಂತಿ?"

"ನಿನಗ ತ್ರಾಸ ಆಗ್ತದಂತ ಕುಂತೆ. ನೀ ಯಾಕ ಕುಂತಿ?"

ಹೊಸ್ತಿಲಲ್ಲಿ ಬೀಡಿ ಸೇದುತ್ತಿದ್ದ ಕನಕರಾಯ ತಲೆ ತಗ್ಗಿಸಿದ. ಒಂದೇ ಗಂಗಾಳದ ರೊಟ್ಟಿ ತಿನ್ನುವ ಮೂವರು ಒಂದೇ ಸಂಕಟವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ನುಂಗಿದ್ದರು. ಇದಕ್ಕೆ ಸಂಸಾರ ಅನ್ನಬೇಕೋ ಧರ್ಮಶಾಲೆ ಅನ್ನಬೇಕೋ.

"ಯಮನೂರಪ್ಪ ಕೇಳ್ಯಾನ," ಎಂದಳು ಬಾಲಮ್ಮ. "ಉಡಿಕಿ ಮಾಡಿಕೊಂಡು ಹೋಗ್ತೀನಂತ. ನಾನೂ ಹೂಂ ಅಂದೀನಿ."

"ನಾ ಬಿಡೂದಿಲ್ಲ."

"ಮಗನ್ನ ಬಿಟ್ಟುಕೊಟ್ಟಿ. ನನ್ನ ಬಿಡೂದಿಲ್ಲೇನು?"

"ಅವ ಇದ್ದಾಗರ ಏನ್ ಮಾತಾಡ್ತಿದ್ದ? ನೀ ಹೋದ್ರ ಈ ಮನ್ಯಾಗ ನನ್ನ ಜೋಡಿ ಮಾತಾಡೋರು ಯಾರದಾರ ಹೇಳು!"

ಬಾಲಮ್ಮನಿಗೆ ಅಳು ಬಂತು. ಆದರೂ ಹೂವು ಮುಡಿಯಲಿಲ್ಲ. ಅದು ಬೂದೆಮ್ಮನ ತೊಡೆಯ ಮೇಲೆಯೇ ಬಾಡಿತು.

ಮರುದಿನ ಇಬ್ಬರೂ ಮಾತಿಲ್ಲದೆ ಹೂವು ಕಟ್ಟಿದರು. ಅದರ ಮರುದಿನವೂ ಅಷ್ಟೇ. ಬಾಲಮ್ಮ ಅಡುಗೆ ಮಾಡಿ ಮುಚ್ಚಿಟ್ಟು ಆಚೆ ಹೋಗಿ ಕೂಡುವಳು, ಬೂದೆಮ್ಮ ಒಬ್ಬಳೇ ಬಡಿಸಿಕೊಂಡು ಎರಡು ತುತ್ತು ತಿಂದು ಏಳುವಳು. ಕೊನೆಗೆ ಮಾತಾಡಿದವನು ಕನಕರಾಯ.

"ಕಳಿಸಿಬಿಡು."

"ನಿಮಗೇನು, ಸಲೀಸಾಗಿ ಅಂತೀರಿ."

"ನೀನೂ ಹಂಗೇ ಬಂದಾಕಿ."

"ಸಣ್ಣಾಗಿ ಮಾತಾಡ್ರಿ! ಗ್ವಾಡಿಗೂ ಕಿವಿ ಅದಾವ."

ಅದು ಅವರಿಬ್ಬರೇ ಬಲ್ಲ ಸಂಗತಿ. ಹದಿನೆಂಟು ತುಂಬುವುದರೊಳಗೆ ಬೂದೆಮ್ಮನ ಮೊದಲ ಗಂಡ ಹಾವು ಕಚ್ಚಿ ಸತ್ತಿದ್ದ. ಕನಕರಾಯ ಅವಳನ್ನು ಉಡಿಕೆಯಲ್ಲಿ ತಂದವನು. ಅವರ ಮಂದಿಯಲ್ಲಿ ಅದು ತಪ್ಪಲ್ಲ. ಗಂಡ ಸತ್ತವಳಿಗೂ ಬಿಟ್ಟವಳಿಗೂ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುತ್ತಾರೆ. ಹಂದರವಿಲ್ಲ, ಬಾಸಿಂಗವಿಲ್ಲ, ಒಂದು ಎಸಳು ಹೂವಿಲ್ಲ. ಮುತ್ತೈದೆಯರು ಆ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಉಡಿಕೆಯವಳು ಸಂಸಾರ ಮಾಡಬಹುದು, ಮಕ್ಕಳನ್ನು ಹಡೆಯಬಹುದು; ಇನ್ನೊಬ್ಬರ ಶುಭಕ್ಕೆ ಕೈ ಹಚ್ಚುವಂತಿಲ್ಲ. ಪಟ್ಟಣಕ್ಕೆ ಬಂದಾಗ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಊರಿನ ಎಷ್ಟೋ ಮದುವೆಯ ಹಾರಗಳು ಬೂದೆಮ್ಮನ ಬೆರಳಿನಿಂದ ಹೋದವು. ಸಾವುಕಾರರ ಮನೆಯ ಗೋಪಮ್ಮ ಪ್ರತಿ ರಾಮನವಮಿಗೆ ಗುಡಿಯ ತೊಟ್ಟಿಲಿಗೆ ಹೂವಿನ ಅಲಂಕಾರ ಮಾಡಿಸುವುದು ಈಕೆಯ ಕೈಯಿಂದಲೇ. ಓಣಿಗೆ ಓಣಿಯೇ ಆ ತೊಟ್ಟಿಲು ನೋಡಲು ನಿಲ್ಲುತ್ತಿತ್ತು. ಬೂದೆಮ್ಮನೂ ದೂರ ನಿಂತು ನೋಡುತ್ತಿದ್ದಳು, ಹತ್ತಿರ ಹೋದರೆ ಯಾರಾದರೂ ಏನಾದರೂ ಕೇಳಿಯಾರೆಂದು.

ರಾಮನವಮಿಗೆ ಮೂರು ದಿನ ಇರುವಾಗ ಬಾಲಮ್ಮನ ಅಣ್ಣ ಹಿರೇಕೊಟ್ನೆಕಲ್ಲಿನಿಂದ ಬಂದ. ಅದೇ ಹೊತ್ತಿಗೆ ಗೋಪಮ್ಮನೂ ತೊಟ್ಟಿಲ ಹೂವು ನೆನಪಿಸಲು ಬಂದು ಹೊಸ್ತಿಲ ಹತ್ತಿರ ಹಾಸಿದ ಚಾಪೆಯ ಮೇಲೆ ಕೂತಿದ್ದಳು. ಎದ್ದು ಹೋಗುತ್ತಿದ್ದಳೋ ಏನೋ, ಸುದ್ದಿ ರುಚಿಯಾಗಿದ್ದರಿಂದ ಇನ್ನಷ್ಟು ಸರಿಯಾಗಿ ಕೂತಳು.

"ಹಿರೇರು ಹೂಂ ಅಂದಾರ ಮಾವ," ಎಂದ ಅಣ್ಣ. "ಆದ್ರ ರಿವಾಜು ರಿವಾಜೇ. ಉಡಿಕಿ ಆದ ಮ್ಯಾಲ ನಿಮ್ಮ ಮನಿಗೂ ನಮ್ಮ ಹುಡುಗಿಗೂ ನಂಟು ಹರೀತು. ಎದುರಿಗಿ ಸಿಕ್ಕರೂ ಅತ್ತಿ, ಮಾವ ಅಂತ ಕರಿಯಂಗಿಲ್ಲ. ಸುಖದುಃಖದ ಮಾತು ಆಡಂಗಿಲ್ಲ."

"ಆತು," ಎಂದ ಕನಕರಾಯ.

"ಇನ್ನೊಂದು. ತಾಳಿ ಬಿಚ್ಚಿ ಸೀರಿ ಉಡಸಾಕ ಒಬ್ಬಾಕಿ ಬೇಕು. ನಮ್ಮವ್ವ ಇಲ್ಲ. ನನ್ನ ಹೇಣ್ತಿ ಮುತ್ತೈದಿ, ಅಕಿ ಬರಂಗಿಲ್ಲ. ನಮ್ಮೂರಾಗ ಉಡಿಕಿ ಆದಾಕಿ ಒಬ್ಬಾಕಿ ಇದ್ಲು, ಕೂಲಿಗಿ ಹೊಳಿ ಆಚಿ ಹೋಗ್ಯಾಳ. ಯಾವಾಕಿನ್ನರ ಮುದುಕಿನ್ನ ಹಿಡಕೊಂಡು ಬರ್ತೀನಿ."

"ಗುರುತಿಲ್ಲದಾಕಿ ನನ್ನ ಕೊಳ್ಳಿಗಿ ಕೈ ಹಾಕೂದೇನಣ್ಣ?" ಎಂದಳು ಬಾಲಮ್ಮ. ಒಳಗಿನ ಖೋಲಿಯ ಬಾಗಿಲಲ್ಲಿ ನಿಂತಿದ್ದಳು, ಮುಖ ಸಣ್ಣದಾಗಿತ್ತು.

ಬೂದೆಮ್ಮ ನಾರು ಕೆಳಗಿಟ್ಟಳು.

"ನಾ ಬರ್ತೀನಿ."

ಗೋಪಮ್ಮ ನಕ್ಕಳು. "ಹುಚ್ಚೇನು ಬೂದೆಮ್ಮ? ನೀ ಮುತ್ತೈದಿ. ರಾಮದೇವರ ಕೆಲಸ ಇಟ್ಟುಕೊಂಡು ಅಲ್ಲೆಲ್ಲ ಹೋಗ್ತಾರೇನು?"

"ನಾನೂ ಉಡಿಕ್ಯಾಕಿನೇ ಅವ್ವಾರ."

ಕನಕರಾಯ ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಬಾಲಮ್ಮ ಕಣ್ಣರಳಿಸಿ ಅತ್ತೆಯನ್ನೇ ನೋಡಿದಳು. ಗೋಪಮ್ಮನ ನಗು ಮುಖದಲ್ಲೇ ಒಣಗಿತು.

"ಇಷ್ಟು ವರ್ಷ ನಮ್ಮ ತೊಟ್ಟಿಲಿಗಿ…"

"ನಾನೇ ಕಟ್ಟೀನ್ರಿ. ರಾಮದೇವರು ಏನೂ ಅಂದಿಲ್ಲ."

"ದೇವರು ತಡಕೋತಾನ, ಮಂದಿ ತಡಕೊಳ್ಳಂಗಿಲ್ಲ," ಎಂದು ಗೋಪಮ್ಮ ಎದ್ದಳು. ಹೊರಗೆ ಹೋಗುವಾಗ ಚಪ್ಪಲಿ ಹುಡುಕಲು ಬಹಳ ಹೊತ್ತು ಹಿಡಿಯಿತು. ಕೆಟ್ಟ ಹೆಂಗಸಲ್ಲ ಆಕೆ. ಪ್ರತಿವರ್ಷ ಕೋಸಂಬರಿ ಕಳಿಸುತ್ತಿದ್ದಳು. ಸಂಜೆಯೊಳಗೆ ಸುದ್ದಿ ಓಣಿಯ ಕೊನೆ ಮುಟ್ಟಿತು.

ಬಾಲಮ್ಮ ಬಂದು ಅತ್ತೆಯ ಹತ್ತಿರ ಕೂತಳು. "ಯಾಕ ಹೇಳಿದಿ? ಹಾರದ ಕೆಲಸ ಎಲ್ಲ ಹೋಗ್ತದ."

"ಹೋಗ್ಲಿ."

"ನೀ ನನ್ನ ಬಿಡೂದಿಲ್ಲ ಅಂದಿದ್ದಿ."

"ಈಗೂ ಬಿಡವಲ್ಲೆ ಅಂತೀನಿ. ಆದ್ರ ಯಾವಾಕಿನೋ ಬಂದು ಬಿಡಿಸೂದು ಬ್ಯಾಡ. ನನ್ನ ಕೈಲೆ ಬಿಡಿಸ್ತೀನಿ." ಅಷ್ಟು ಹೇಳಿ ಬೂದೆಮ್ಮ ಗಟ್ಟಿಯಾಗಿ ಅತ್ತಳು, ಮುಚ್ಚುಮರೆ ಮಾಡಲಿಲ್ಲ. ಆ ದಿನ ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡರು.

ಮರುದಿನ ಹಿರೇಕೊಟ್ನೆಕಲ್ಲಿನಲ್ಲಿ ಹೊತ್ತು ಮುಳುಗುವಾಗ ಬಾಲಮ್ಮನನ್ನು ಹಿತ್ತಿಲ ಬಾಗಿಲಿನಿಂದ ಹೊರಡಿಸಿದರು. ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಂದು ಮನೆಯೊಳಗೆ ಹಾಲು ಕುಡಿಯುವ ಕೂಸು ಅಳುತ್ತಿತ್ತು, ಅದರ ಬಾಯನ್ನೂ ಯಾರೋ ಮುಚ್ಚಿದರು. ಊರ ಹೊರಗಿನ ಹನುಮಪ್ಪನ ಗುಡಿಯ ಹಿಂದೆ ಇಬ್ಬರು ಹಿರಿಯರು, ಯಮನೂರಪ್ಪ, ಅಣ್ಣ, ಇಷ್ಟೇ ಜನ. ಕನಕರಾಯ ದೂರದಲ್ಲಿ ಬೇವಿನ ಗಿಡದ ಕೆಳಗೆ ಬೆನ್ನು ಮಾಡಿ ನಿಂತಿದ್ದ.

ಬೂದೆಮ್ಮ ತಾಳಿಯ ದಾರಕ್ಕೆ ಕೈ ಹಾಕಿದಳು. ದಾರ ಬೆವರಿಗೆ, ಎಣ್ಣೆಗೆ ಗಟ್ಟಿಯಾಗಿ ಹೋಗಿತ್ತು. ಗಂಟು ಹಾಕಿಯೇ ಬದುಕಿದವಳ ಬೆರಳು ಗಂಟು ಬಿಚ್ಚಲು ಬಾರದೆ ತಡವರಿಸಿದವು.

"ಜರಾ ನಿಲ್ಲು," ಎಂದಳು ಬಾಲಮ್ಮ. "ಬಿಚ್ಚೂಕಿಂತ ಮೊದ್ಲ ಒಂದು ಸಲ ಕರೀತೀನಿ."

"ಕರಿ."

"ಅತ್ತಿ."

"ಹೂಂ."

"ಹೊತ್ತಿಗಿ ಸರಿಯಾಗಿ ಉಣ್ಣು. ಒಬ್ಬಾಕೀನ ಅದೀನಿ ಅಂತ ಹಿಟ್ಟು ನಾದೂದು ಬಿಡಬ್ಯಾಡ."

"ಆತು ಯವ್ವಾ."

ಹಿರಿಯರಲ್ಲೊಬ್ಬ ಕೆಮ್ಮಿದ. ಬೂದೆಮ್ಮ ಹಲ್ಲು ಹಚ್ಚಿ ಗಂಟು ಸಡಿಲಿಸಿ, ತಾಳಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಯಮನೂರಪ್ಪ ತಂದ ಹಸಿರು ಸೀರೆಯನ್ನು ಉಡಿಸಿದಳು, ನೆರಿಗೆ ಸರಿಯಾಗಿ ಬೀಳುವ ತನಕ ಎರಡು ಸಲ ಬಿಚ್ಚಿ ಉಡಿಸಿದಳು. ಮಲ್ಲಿಗೆ ಬೆಳೆಯುವವನ ಮದುವೆ, ಮಲ್ಲಿಗೆ ಕಟ್ಟುವವಳ ಮದುವೆ. ತಲೆಯಲ್ಲಿ ಒಂದು ಮೊಗ್ಗಿಲ್ಲ. ಮುಗಿದ ಮೇಲೆ ಯಾರೂ ಯಾರಿಗೂ ಹೋಗಿಬರುತ್ತೇನೆ ಅನ್ನಲಿಲ್ಲ, ಅನ್ನುವ ಹಾಗಿರಲಿಲ್ಲ.

ರಾಮನವಮಿಯ ತೊಟ್ಟಿಲನ್ನು ಆ ವರ್ಷ ಬೇರೆ ಯಾರೋ ಕಟ್ಟಿದರು. ಗುಡಿಯ ಜೋಗುಳ ಮನೆಯ ತನಕ ಕೇಳುತ್ತಿತ್ತು. ಬೂದೆಮ್ಮ ನಾರು ನೆನೆಹಾಕಿಕೊಂಡು ಕೂತಿದ್ದಳು, ಕಟ್ಟಲು ಹೂವಿರಲಿಲ್ಲ. ಕನಕರಾಯ ಹೆಂಡತಿಯ ಎದುರಿಗೆ, ಬಾಲಮ್ಮ ಕೂಡುತ್ತಿದ್ದ ಜಾಗದಲ್ಲಿ ಬಂದು ಕೂತ. ಏನೋ ಹೇಳಬೇಕೆಂದು ಬಹಳ ಹೊತ್ತು ತಿಣುಕಿದ.

"ಬಿಸಲು ಭಾಳ ಇವತ್ತ."

"ಹೌದ್ರಿ."

ಅಲ್ಲಿಗೆ ಮಾತು ಮುಗಿಯಿತು. ಪಾಪ, ಅವನು ತನ್ನ ಶಕ್ತಿ ಮೀರಿ ಪ್ರಯತ್ನ ಮಾಡಿದ್ದ. ಬೂದೆಮ್ಮನಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಆದರೆ ಎದೆ ಬರಿದಾಗಿತ್ತು. ಹಿಟ್ಟು ನಾದುವಾಗ ಕೈ ತಾನಾಗಿ ಮೂವರಿಗಾಗುವಷ್ಟು ತೆಗೆದುಕೊಳ್ಳುತ್ತಿತ್ತು. ಉಳಿದ ರೊಟ್ಟಿಯನ್ನು ಓಣಿಯ ನಾಯಿಗೆ ಹಾಕಿ, ಅದರ ಜೊತೆಯೇ ನಾಲ್ಕು ಮಾತಾಡಿ ಒಳಗೆ ಬರುತ್ತಿದ್ದಳು.

ಮದುವೆಯ ಸುಗ್ಗಿ ಬಂತು, ಹಾರ ಕೇಳಿಕೊಂಡು ಯಾರೂ ಬರಲಿಲ್ಲ. ಮನೆಯಲ್ಲಿ ಕೂತು ಮಾಡುವುದೇನೆಂದು ಬೂದೆಮ್ಮನೂ ಮಾರ್ಕೆಟ್ಟಿಗೆ ಹೋಗಿ ಗಂಡನ ಪಕ್ಕದಲ್ಲಿ ಬಿಡಿ ಹೂವು ಮಾರಲು ಕೂತಳು. ದೇವರ ಫೋಟೋಕ್ಕೆ ಒಯ್ಯುವವರು, ದರ್ಗಾಕ್ಕೆ ಒಯ್ಯುವವರು, ಇವರಿಗೆ ಕಟ್ಟಿದವಳ ಮದುವೆ ಎಂಥದ್ದೆಂದು ಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಮಾನ್ವಿ ಬಸ್ಸಿನಿಂದ ಮೊಗ್ಗಿನ ಬುಟ್ಟಿ ಹೊತ್ತುಕೊಂಡು ಯಮನೂರಪ್ಪನ ಬದಲು ಬಾಲಮ್ಮ ಬಂದಳು. ಮೈ ತುಂಬಿಕೊಂಡಿದ್ದಳು, ತಲೆ ತುಂಬ ಹೂವು. ಸುತ್ತ ನೋಡುವ ಕಣ್ಣು ಬೇಕಾದಷ್ಟಿದ್ದವು. ಅವಳು ಬೂದೆಮ್ಮನ ಎದುರು ಬುಟ್ಟಿ ಇಳಿಸಿ, ಯಾರಿಗೋ ಹೇಳುವಂತೆ ಹೇಳಿದಳು: "ಮೊಗ್ಗು ಸೇರಿಗಿ ಮೂರು ರೂಪಾಯಿ."

ಬೂದೆಮ್ಮ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅತ್ತಿ ಅನ್ನಿಸಿಕೊಳ್ಳುವಂತಿಲ್ಲ, ಹೇಗಿದ್ದಿ ಅನ್ನುವಂತಿಲ್ಲ. ಬೇಡವೆಂದರೆ ಅವಳು ಮುಂದಿನ ಅಂಗಡಿಗೆ ಹೋಗುವಳು. ಕೊಂಡರೂ ಅಷ್ಟೇ, ತೂಗಿಕೊಟ್ಟು ಹೋಗುವಳು.

"ಭಾಳ ಆತು. ಎರಡಕ್ಕ ಕೊಡು."

"ಎರಡಕ್ಕ ಬರಂಗಿಲ್ಲ."

"ಯಾಕ ಬರಂಗಿಲ್ಲ? ಮೊಗ್ಗು ನೋಡಿದ್ರ ಸಣ್ಣ ಅದಾವ."

"ಸಣ್ಣ ಎಲ್ಲದಾವ? ಕೈಯಾಗ ಹಿಡದು ನೋಡು."

ಬೂದೆಮ್ಮ ಹಿಡಿದು ನೋಡಿದಳು, ಮೂಸಿದಳು, ಬೆಳಕಿಗೆ ಹಿಡಿದಳು, ಇಬ್ಬನಿಯಲ್ಲಿ ತೂಕ ಹೆಚ್ಚಿಸಿ ತಂದಿದ್ದೀಯೆಂದು ಜಗಳ ತೆಗೆದಳು. ಬಾಲಮ್ಮ ನೆಲಕ್ಕೆ ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ಇಳಿದಳು. ಒಬ್ಬಳು ನಾಲ್ಕಾಣೆ ಏರಿಸಿದರೆ ಇನ್ನೊಬ್ಬಳು ನಾಲ್ಕಾಣೆ ಇಳಿಸುವ ಬದಲು ಮೊದಲಿನ ರೇಟಿಗೇ ಹೋಗುವಳು. ಪಕ್ಕದ ಗಿರಾಕಿಗಳು ಬಂದರು, ಹೋದರು. ಬಿಸಿಲು ತೀನ್ ಕಂದೀಲಿನ ಕಟ್ಟೆ ದಾಟಿ ಇವರ ಕಾಲಿನ ತನಕ ಬಂತು. ಕನಕರಾಯ ಎದ್ದು ಇಬ್ಬರಿಗೂ ಚಾ ತರಿಸಿ ಇಟ್ಟ.

ಎಲೆ ಮಾರುವ ಗುಡುಸಾಬನಿಗೆ ಕೊನೆಗೆ ತಾಳ್ಮೆ ತಪ್ಪಿತು. "ಏಕ್ ಸೇರು ಹೂವಿಗಿ ಇಷ್ಟು ಜಗಳೇನವ್ವಾ? ಎರಡೂವರಿ ಮಾಡಿಕೊಂಡು ಮುಗಿಸಿಬಿಡ್ರಿ ಅತ್ಲಾಗ!"

ಬೂದೆಮ್ಮ ಅವನ ಕಡೆ ತಿರುಗಿ ಗದರಿದಳು. "ನೀ ಸುಮ್ನಿರೋ ಗುಡುಸಾಬ. ನಮ್ಮ ಯಾಪಾರ ಇನ್ನೂ ಮುಗಿದಿಲ್ಲ."